ದೇವರ ದೀಪಕ್ಕೆ ಕೊರೆದ ತೂತು

ತೂತು ನನ್ನ ಕಿರುಬೆರಳು ಹೋಗುವಷ್ಟಿತ್ತು. ಇದನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಬೆರಳು ತೂರಿಸಿ ನೋಡಿದ್ದೇನೆ. ತಗಡಿನ ಅಂಚು ಗೆಣ್ಣನ್ನು ಸುಲಿದು ಆ ಗಾಯ ಬಹಳ ದಿನ ಅನ್ನ ಕಲಸುವಾಗ ಉರಿಯುತ್ತಿತ್ತು. ಮುಂದೆ ಬರೆಯುವ ಸಂಗತಿಗಳಲ್ಲಿ ಇಷ್ಟು ಖಚಿತವಾದವು ಕಡಿಮೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಬೇರೆಯವರ ನೆನಪನ್ನಂತೂ ಇನ್ನೂ ನಂಬುವುದಿಲ್ಲ. ಆದರೆ ಸಿಟ್ಟನ್ನು ನಂಬುತ್ತೇನೆ. ಇಷ್ಟು ವರ್ಷಗಳಲ್ಲಿ ಅದರದೊಂದು ಎಳೆಯೂ ಸವೆದಿಲ್ಲ.

ತೂತು ಇದ್ದದ್ದು ಒಂದು ಪುಟ್ಟ ವಿಮಾನದಲ್ಲಿ. ಮುಂದೆ ಎಂಜಿನ್, ಅದರ ಹಿಂದೆ ಅಕ್ಕಪಕ್ಕ ಇಬ್ಬರು ಕೂರುವ ಗೂಡು, ಬೆನ್ನ ಹಿಂದೆ ಸಾಮಾನು ಇಡುವಷ್ಟು ಜಾಗ, ಅಷ್ಟೇ ವಿಮಾನ. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಒಂದು ತಗಡಿನ ಗೋಡೆ ಇರುತ್ತದೆ. ಬೆಂಕಿ, ಎಣ್ಣೆ, ಹೊಗೆ ಎಲ್ಲವನ್ನೂ ಆಚೆಗೆ ತಡೆದು ನಿಲ್ಲಿಸುವುದು ಅದರ ಕೆಲಸ. ವೈರೋ ಪೈಪೋ ಅದನ್ನು ದಾಟಬೇಕಾದರೆ ರಬ್ಬರ್ ಉಂಗುರ ಹಾಕಿ, ಸುತ್ತ ಸಂದಿಯಿಲ್ಲದಂತೆ ಬಿಗಿಯಬೇಕು. ಆ ಗೋಡೆಗೆ ನಮ್ಮ ಸಾಹುಕಾರ ದೇವರ ದೀಪಕ್ಕಾಗಿ ತೂತು ಕೊರೆಸಿದ.

ಸಾಹುಕಾರನನ್ನು ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಆಗ ಎದುರಿಗೆ ಬಹುವಚನ ಬಳಸಿದ್ದು ಸಾಕು.

ದಾವಣಗೆರೆಯಲ್ಲಿ ಅವನದು ಹತ್ತಿಯ ವ್ಯಾಪಾರ. ಹತ್ತಿ ಹಿಂಜುವ ಮಿಲ್ಲು, ಹತ್ತಿ ಸಾಗಿಸುವ ಲಾರಿಗಳು, ಮಠದ ಕಾರ್ಯಗಳಲ್ಲಿ ಮುಂದಿನ ಸಾಲು. ಐವತ್ತರ ದಶಕ ಮುಗಿಯುತ್ತಿದ್ದ ಅಥವಾ ಅರವತ್ತು ಆಗಲೇ ಶುರುವಾಗಿದ್ದ ಕಾಲ. ಯಾವ ವರ್ಷವೆಂದು ಹೇಳಿದರೆ ಅದು ಸುಳ್ಳಾಗುವ ಸಾಧ್ಯತೆಯೇ ಹೆಚ್ಚು. ಯಾರೋ ಬಳಸಿ ಬಿಟ್ಟ ವಿಮಾನವೊಂದನ್ನು ಅವನು ಕೊಂಡು ತಂದು, ದಾವಣಗೆರೆ ಮತ್ತು ಹರಿಹರದ ನಡುವೆ ತನ್ನದೇ ಬಯಲನ್ನು ಸಮ ಮಾಡಿಸಿ, ತಗಡಿನ ಶೆಡ್ಡು ಹಾಕಿಸಿದ. ನಾನು ಬೆಂಗಳೂರಿನಲ್ಲಿ ಹಾರಾಟ ಕಲಿತು ಪರವಾನಗಿ ಪಡೆದು ಕೆಲಸವಿಲ್ಲದೆ ಊರಿಗೆ ಬಂದವನು. ನನ್ನನ್ನು ಕರೆಸಿದಾಗ ಅವನು ನನ್ನ ಹಾರಾಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

“ಕುಡಿತೀಯೇನು ತಮ್ಮಾ?”

“ಇಲ್ರಿ.”

“ಲಿಂಗ ಕಟ್ಟೀಯೇನು?”

“ಕಟ್ಟೀನ್ರಿ.”

“ಸಾಕು ಬಿಡು. ಹಾರ್ಸೋದು ಯಾರಾದ್ರೂ ಹಾರಿಸ್ತಾರೆ. ಕುಡೀದೇ ಇರೋನು ಸಿಗೋದು ಕಷ್ಟ ಐತೆ.”

ಹೀಗೆ ನನ್ನನ್ನು ತೂಕಕ್ಕೆ ಹಾಕಿದ ಕಲ್ಲು ಯಾವುದು ಎಂಬುದು ಮೊದಲ ದಿನವೇ ಗೊತ್ತಾಗಿತ್ತು.

ಅವನ ಪ್ರತಿ ಲಾರಿಯಲ್ಲೂ ಡ್ರೈವರನ ಕಣ್ಣೆದುರು ಮನೆದೇವರು ವೀರಭದ್ರನ ಪಟ, ಪಟದ ಮುಂದೆ ಒಂದು ಕೆಂಪು ಬಲ್ಬು. ವಿಮಾನಕ್ಕೂ ಅದೇ ಆಗಬೇಕೆಂದು ಅವನಿಗೆ ಅನ್ನಿಸಿತು. ನಾನು ಅವ್ವನನ್ನು ಕರೆದುಕೊಂಡು ನೆಂಟರ ಮದುವೆಗೆ ಹೋಗಿದ್ದಾಗ, ಲಾರಿಗಳ ವೈರಿಂಗ್ ಮಾಡುವ ಮಿಸ್ತ್ರಿಯನ್ನು ಕರೆಸಿ ತಗಡಿನ ಗೋಡೆಗೆ ತೂತು ಹೊಡೆಸಿ, ಎಂಜಿನ್ ಕಡೆಯಿಂದ ವೈರು ಎಳೆಸಿದ. ಬ್ಯಾಟರಿ ಖಾಲಿಯಾಗಬಾರದೆಂದು ಎಂಜಿನ್ ತಿರುಗುವಾಗ ಮಾತ್ರ ದೀಪ ಹತ್ತುವಂತೆ ಮಿಸ್ತ್ರಿ ಕೂಡಿಸಿದ್ದ. ವೈರು ಸಣ್ಣದು, ತೂತು ದೊಡ್ಡದು. ಬಂದು ನೋಡಿದವನೇ ಹೇಳಿದೆ: ಸುತ್ತ ರಬ್ಬರ್ ಹಾಕಿ ಮುಚ್ಚಬೇಕು, ಇಲ್ಲದಿದ್ದರೆ ಎಂಜಿನ್ನಿನ ಗಾಳಿ ಒಳಗೆ ನುಗ್ಗುತ್ತದೆ.

“ಆತು, ಹಾಕ್ಸಣ,” ಎಂದ. ಹಾಕಿಸಲಿಲ್ಲ.

ಹಾಗಿದ್ದೂ ಯಾಕೆ ಹಾರಿಸಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಆ ತೂತು ಒಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆ ವಿಮಾನದ ಬಾಗಿಲು ಕಿಟಕಿಗಳ ಸಂದಿಗಳಿಂದ ಹೊರಗಿನ ಗಾಳಿ ಬೇಕಾದಷ್ಟು ಬರುತ್ತಿತ್ತು. ಚಳಿಗಾಲ ಬಂತು. ನಮ್ಮ ಕಡೆ ಚಳಿಯೆಂದರೆ ಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇವೆ. ಸಾಹುಕಾರನೂ ಇಟ್ಟುಕೊಂಡ. ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತಿ ವ್ಯಾಪಾರಿಯ ಮನೆಯಲ್ಲಿ ಹತ್ತಿಗೇನು ಬರ? ಬಾಗಿಲ ಸುತ್ತ, ಕಿಟಕಿಯ ಸುತ್ತ, ರೆಕ್ಕೆ ಕೂಡುವ ಸಂದಿಗೆ, ಗಾಳಿ ಬರಲೆಂದೇ ಬಿಟ್ಟ ಸಣ್ಣ ಕಿಂಡಿಗೂ ಸಹ ಮಿಲ್ಲಿನ ಆಳುಗಳಿಂದ ಹತ್ತಿ ತುರುಕಿಸಿ, ಮೇಲೆ ಗಂಜಿ ಬಳಿದ ಬಟ್ಟೆ ಅಂಟಿಸಿದ. ವಿಮಾನವೇ ಶೀತವಾದ ಮಗುವಿನ ಹಾಗೆ ಕಾಣುತ್ತಿತ್ತು.

“ಈಗ ನೋಡು ಹೆಂಗೈತೆ! ಮನ್ಯಾಗೆ ಕೂತಂಗೆ,” ಎಂದ.

ಒಳ್ಳೆಯ ಗಾಳಿ ಬರುವ ದಾರಿಗಳನ್ನೆಲ್ಲ ಮುಚ್ಚಿದ. ಮುಚ್ಚಬೇಕಾಗಿದ್ದ ಒಂದನ್ನು ದೇವರ ಹೆಸರಿನಲ್ಲಿ ತೆರೆದಿಟ್ಟ. ಎಂಜಿನ್ನಿನ ಹೊಗೆ ಕೊಳವೆಯಲ್ಲಿ, ಬಾಗುವ ಕಡೆ, ಕೂದಲೆಳೆಯಂಥ ಬಿರುಕು ಬಿಟ್ಟಿತ್ತೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ನನಗೂ ಇಲ್ಲ.

ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲದ ಬಗ್ಗೆ ನಮಗೆ ಪಾಠದಲ್ಲಿ ಹೇಳಿದ್ದರು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಒಳ್ಳೆಯ ಗಾಳಿಗಿಂತ ಇದೇ ಪ್ರಿಯ. ತಲೆನೋವು ಬರುತ್ತದೆ, ಮುಖ ಕೆಂಪಾಗುತ್ತದೆ, ಕಾಲು ಸೋಲುತ್ತದೆ, ನಾಲಿಗೆ ತೊದಲುತ್ತದೆ. ಆದರೆ ಮುಖ್ಯ ಲಕ್ಷಣವನ್ನು ಪಾಠದಲ್ಲಿ ಹೇಳಿರಲಿಲ್ಲ. ಎಲ್ಲ ಸರಿಯಾಗಿದೆ, ಏನೂ ಮಾಡಬೇಕಾಗಿಲ್ಲ ಎನ್ನಿಸುತ್ತದೆ.

ಆ ದಿನ ಹತ್ತಿಯ ಮಾದರಿ ಗಂಟುಗಳನ್ನು ಹುಬ್ಬಳ್ಳಿಯಲ್ಲಿ ಇಳಿಸಿ ಒಬ್ಬನೇ ವಾಪಸು ಬರುತ್ತಿದ್ದೆ. ಇಲ್ಲಿಂದ ಮುಂದೆ ನನ್ನ ಮಾತನ್ನು ಅರ್ಧ ಬೆಲೆಗೆ ಕೊಳ್ಳಿರಿ. ಹಣೆಗೆ ಒದ್ದೆ ಬಟ್ಟೆ ಬಿಗಿದ ಹಾಗೆ ಆದದ್ದು ನೆನಪಿದೆ. ಕೆಂಪು ಬಲ್ಬು ನೋಡಲು ತುಂಬ ಚೆನ್ನಾಗಿದೆ ಎನ್ನಿಸಿದ್ದು ನೆನಪಿದೆ. ಕೆಳಗೆ ಹೊಳೆ ಬಂತು, ಹರಿಹರ ಬಂತು, ಹೊಳೆಯ ಮೇಲೆ ಸೇತುವೆ ಎರಡಾಗಿ ಕಂಡಿತು. ಕಣ್ಣಿಗೆ ಒಂದು ಎರಡಾಗಿ ಕಾಣುತ್ತಿದೆ ಎಂದು ಗಾಬರಿಯಾಗಿ ಎಚ್ಚೆತ್ತೆ. ಹರಿಹರದಲ್ಲಿ ರಸ್ತೆಯದೊಂದು, ರೈಲಿನದೊಂದು, ನಿಜವಾಗಿಯೇ ಎರಡು ಸೇತುವೆಗಳಿವೆ. ಹುಟ್ಟಿದಾಗಿನಿಂದ ಆ ದಾರಿಯಲ್ಲಿ ಓಡಾಡಿದ ನನಗೆ ಅದು ಮರೆತಿತ್ತು. ಆ ಮರೆವಿನಿಂದಲೇ ನಾನು ಬದುಕಿದ್ದೇನೆ. ಇಳಿಯಬೇಕು ಎಂದು ತಲೆಗೆ ಹೊಳೆದದ್ದು ಆಗ.

ಇಳಿದದ್ದು ಕೊಂಡಜ್ಜಿಯ ಕೆರೆಯ ಪಕ್ಕದ ಬಯಲಿನಲ್ಲಿ. ನನ್ನ ತಲೆಯಲ್ಲಿ ಎರಡು ಇಳಿತಗಳಿವೆ. ಒಂದರಲ್ಲಿ ಕೆರೆ ಎಡಕ್ಕಿದೆ, ಇನ್ನೊಂದರಲ್ಲಿ ಬಲಕ್ಕೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ, ಎರಡೂ ಸುಳ್ಳಾಗಿರಬಹುದು. ಕಿಟಕಿಯ ಹತ್ತಿಯನ್ನು ಉಗುರಿನಿಂದ ಕಿತ್ತಿರಬೇಕು. ನನ್ನ ಉಗುರುಗಳ ಸಂದಿಯಲ್ಲಿ ಹತ್ತಿ ಇತ್ತೆಂದು ಅವ್ವ ಆಮೇಲೆ ಹೇಳಿದಳು. ಒಂದು ಚಕ್ರದ ಕಂಬಿ ಬಾಗಿತ್ತು, ಬೇರೇನೂ ಮುರಿದಿರಲಿಲ್ಲ. ಬಾಗಿಲು ತೆಗೆದು ನೆಲಕ್ಕೆ ಬಿದ್ದೆ. ಎದ್ದೆ. ಮತ್ತೆ ಬಿದ್ದೆ. ಜೋಳದ ಕೂಳೆಯ ಮೇಲೆ ವಾಂತಿ ಮಾಡಿಕೊಂಡೆ. ಊರ ಜನ ಓಡಿ ಬಂದಿದ್ದರು. ಮುಂದೆ ನಿಂತವನು ಆ ಹೊಲದ ಯಜಮಾನ, ಎಲ್ಲರೂ ಗೌಡಜ್ಜ ಎನ್ನುತ್ತಿದ್ದ ಮುದುಕ.

“ಗಾಯ ಆಗೈತೇನ್ ನೋಡ್ರಲಾ,” ಎಂದ ಗೌಡಜ್ಜ.

“ಗಾಯ ಎಲ್ಲೈತಜ್ಜಾ? ಮುಖ ನೋಡು, ಮೆಣಸಿನಕಾಯಿ ಆದಂಗಾಗೈತೆ. ಚೆನ್ನಾಗಿ ಹಾಕ್ಯಾನೆ!”

ನಕ್ಕರು. ನಾನೂ ನಕ್ಕೆನಂತೆ. ಅದೂ ಸಾಕ್ಷಿಯಾಯಿತು.

ಸಾಹುಕಾರ ಕಾರಿನಲ್ಲಿ ಬರುವ ಹೊತ್ತಿಗೆ ಕಥೆ ಸಿದ್ಧವಾಗಿತ್ತು. ಅವನಿಗೆ ಅದನ್ನು ಒಪ್ಪಿಕೊಳ್ಳುವುದಷ್ಟೇ ಕೆಲಸ. ನನ್ನ ಬಾಯಿ ಮೂಸಿ ನೋಡಲಿಲ್ಲ. ಮೂಸಿದ್ದರೆ ಹುಬ್ಬಳ್ಳಿಯ ಚಹಾದ ವಾಸನೆ ಮಾತ್ರ ಇತ್ತು. ಗುಂಪಿನ ಎದುರು ಹೇಳಿದ: “ಲಿಂಗ ಕಟ್ಟಿದ ಹುಡ್ಗ ಅಂತ ನಂಬಿದೆ. ಮರ್ಯಾದಿ ಮೂರಾಬಟ್ಟೆ ಮಾಡ್ದ.” ನಾನು ಉತ್ತರ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಮಾತಲ್ಲ.

ಅವನ ಕಥೆಯಲ್ಲಿ ಸಂದಿಯೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ನಾನು ಯಾವ ಓಣಿಗೆ ಹೋದೆ, ಯಾರ ಜೊತೆ ಕೂತೆ, ಎಷ್ಟು ಏರಿಸಿದೆ, ಎಲ್ಲವೂ ಅವನಿಗೆ ಗೊತ್ತಿತ್ತು. ನನ್ನ ಬಳಿ ಇದ್ದದ್ದು ಎರಡು ಕೆರೆ, ಎರಡು ಸೇತುವೆ, ಒಂದು ಕೆಂಪು ಬಲ್ಬು. ದಾವಣಗೆರೆಯ ನಮ್ಮ ಬೀದಿಯಲ್ಲಿ ಅವ್ವ ನೀರಿಗೆ ಹೋದರೆ ಹೆಂಗಸರು ಕೊಡ ಪಕ್ಕಕ್ಕೆ ಸರಿಸಿ ದಾರಿ ಬಿಡತೊಡಗಿದರು. ಅದು ಗೌರವವಲ್ಲ, ಅನುಕಂಪ. ಅವ್ವನಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

“ನೀನು ಕುಡಿದಿಲ್ಲ ಅಂತ ನನಗ್ಗೊತ್ತೈತೆ ಮಗಾ,” ಎಂದಳು. “ಆದ್ರೆ ಏನಾತು ಅಂತ ಕೇಳಿದ್ರೆ ನಾನೇನ್ ಹೇಳ್ಲಿ?”

“ನನಗೂ ಗೊತ್ತಿಲ್ಲವ್ವಾ.”

“ಗೊತ್ತಿಲ್ಲ ಅಂದ್ರೆ ಕುಡಿದಾನೆ ಅಂತಾನೇ ಲೆಕ್ಕ, ತಿಳ್ಕೋ.”

ಗೊತ್ತು ಮಾಡಿಕೊಳ್ಳಲು ಹೊರಟೆ. ವಿಮಾನ ಇನ್ನೂ ಕೊಂಡಜ್ಜಿಯ ಬಯಲಿನಲ್ಲೇ ಇತ್ತು. ಚಕ್ರದ ಕಂಬಿ ನೇರ ಮಾಡಿಸುವ ನೆಪದಲ್ಲಿ ಹರಿಹರದ ಕಮ್ಮಾರನೊಬ್ಬನಿಂದ ತಿದಿ ಕೇಳಿ ತಂದೆ. ಅವನು, “ವಿಮಾನಕ್ಕೆ ಉಸ್ರು ನಿಂತೈತೇನ್ರಿ? ಊದಿ ನೋಡ್ತೀರಾ?” ಎಂದು ಗೇಲಿ ಮಾಡಿ ಕೊಟ್ಟ. ಮಾಡಿದ್ದೂ ಅದನ್ನೇ. ತಣ್ಣಗಿದ್ದ ಎಂಜಿನ್ನಿನ ಹೊಗೆ ಕೊಳವೆಯ ಬಾಯಿಗೆ ತಿದಿಯ ಮೂತಿ ಇಟ್ಟು, ಸುತ್ತ ಗೋಣಿ ಬಟ್ಟೆ ಬಿಗಿದು ಗಾಳಿ ಊದಿದೆ. ಕೊಳವೆಯ ಮೈಗೆಲ್ಲ ಅಂಟುವಾಳದ ನೊರೆ ಹಚ್ಚಿದ್ದೆ. ಬಾಗುವ ಕಡೆ ನೊರೆ ಗುಳ್ಳೆ ಗುಳ್ಳೆಯಾಗಿ ಏಳತೊಡಗಿತು. ಹತ್ತಿರದ ತಗಡಿನ ಮೇಲೆ ಬೂದಿ ಬಣ್ಣದ ಕಲೆ ಹರಡಿತ್ತು. ಆ ಕಲೆಯ ಎದುರಿಗೇ ದೇವರ ದೀಪದ ತೂತು. ಒಳಗೆ ಕೂತು, ಬಾಗಿಲು ಹಾಕಿಕೊಂಡು, ತೂತಿನ ಹತ್ತಿರ ಊದುಬತ್ತಿ ಹಿಡಿದು, ಹೊರಗೆ ನಿಂತವನೊಬ್ಬನಿಗೆ ಆಚೆಯಿಂದ ತಿದಿ ಒತ್ತಲು ಹೇಳಿದೆ. ಊದುಬತ್ತಿಯ ಹೊಗೆ ಬಳುಕಿ ನನ್ನ ಮುಖಕ್ಕೆ ಬಂತು.

ಆಗ ಬೆರಳು ತೂರಿಸಿದ್ದು. ಗಾಯವಾದಾಗ ಸಂತೋಷವಾಯಿತು.

ಸಾಹುಕಾರನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ: ಬಿರುಕು, ತೂತು, ಹತ್ತಿ. ಅವನು ಹತ್ತಿಯ ಎಳೆಯೊಂದನ್ನು ಬೆರಳಲ್ಲಿ ಹಿಂಜುತ್ತ ಕೇಳಿಸಿಕೊಂಡ.

“ನನ್ನ ಲಾರಿಗಳಾಗೂ ಅದೇ ಬಲ್ಬು, ಅದೇ ಮಿಸ್ತ್ರಿ, ಅದೇ ತೂತು. ಯಾವ ಡ್ರೈವರ್ ಬಿದ್ದಾನೆ, ಹೇಳು?”

“ಲಾರಿಗೆ ಬಾಗ್ಲ ತೆರೆದೇ ಇರ್ತೈತಲ್ರಿ. ಹತ್ತಿ ತುರುಕಿರೋದಿಲ್ಲ.”

“ಅಂದ್ರೆ ವೀರಭದ್ರನ ದೀಪದಿಂದ ನಿನಗೆ ನಿಶೆ ಏರ್ತು. ಹಂಗಂತೀಯಾ?” ಅಂಗಡಿಯಲ್ಲಿ ಕೂತಿದ್ದವರ ಕಡೆ ತಿರುಗಿದ. “ಕೇಳ್ರಪ್ಪಾ! ಕುಡಿದಿದ್ದು ಇವನು, ಹೆಸ್ರು ದೇವ್ರಿಗೆ.”

ದೇವರ ದೀಪವನ್ನು ದೂರುವವನ ಬಾಯಲ್ಲಿ ಸತ್ಯವಿದ್ದರೂ ಯಾರು ಕೇಳುತ್ತಾರೆ? ಅವನು ದನಿ ತಗ್ಗಿಸಿ, ಕನಿಕರ ಬೆರೆಸಿ ಹೇಳಿದ: “ನೋಡು ತಮ್ಮಾ, ನಾನು ಕಟುಕ ಅಲ್ಲ. ದೇವರ ಮುಂದೆ ಲಿಂಗ ಮುಟ್ಟಿ ‘ಕುಡಿದಿದ್ದು ತಪ್ಪಾತು, ಇನ್ನು ಮುಟ್ಟಾಕಿಲ್ಲ’ ಅಂತ ಆಣೆ ಮಾಡು. ಕೆಲಸಕ್ಕೆ ಬಾ. ಇಲ್ಲಾಂದ್ರೆ ಪರವಾನಗಿ ಕೊಟ್ಟೋರಿಗೆ ನಾನು ತಿಳಿಸಲೇಬೇಕಾಗ್ತೈತೆ. ಆಮ್ಯಾಲೆ ನೀನು ಗಾಳಿಪಟನೂ ಹಾರ್ಸಂಗಿಲ್ಲ.”

ಹಾರುವುದೊಂದೇ ನನಗೆ ಬರುತ್ತಿದ್ದ ಕೆಲಸ. ಆಣೆ ಮಾಡಿದರೆ ಕುಡಿದದ್ದು ಶಾಶ್ವತ, ಮಾಡದಿದ್ದರೆ ಹಾರಾಟವೇ ಇಲ್ಲ. ಅಂಗಡಿಯ ಮೆಟ್ಟಿಲಲ್ಲಿ ನಿಂತೇ ಉಪಾಯ ಹೊಳೆಯಿತೋ, ಮನೆಗೆ ನಡೆಯುವಾಗಲೋ, ತಿಳಿಯದು. ಹೊಳೆದದ್ದಂತೂ ನಿಜ. ಮರುದಿನ ಹೋಗಿ ತಲೆ ತಗ್ಗಿಸಿ ನಿಂತೆ.

“ಆಣೆ ಮಾಡ್ತೀನ್ರಿ ಸಾವ್ಕಾರ್ರೆ. ಆದ್ರೆ ತಪ್ಪು ಆಗಿದ್ದು ಯಾವ ದೇವ್ರ ಮುಂದೋ ಅದೇ ದೇವ್ರ ಮುಂದೆ ಮಾಡ್ತೀನಿ. ವಿಮಾನದಾಗಿನ ವೀರಭದ್ರನ ಮುಂದೆ. ನೀವೇ ಪಕ್ಕದಾಗೆ ಕೂತು ಮಾಡಿಸ್ಬೇಕು.”

ಅವನ ಕಣ್ಣು ಒದ್ದೆಯಾಯಿತು. ನಿಜವಾಗಿ ಆಯಿತು. ಈ ಒಂದು ವಿವರವನ್ನು ಬಿಟ್ಟುಬಿಡಬಹುದಿತ್ತು, ಅವನು ಒಳ್ಳೆಯವನಂತೆ ಕಾಣುತ್ತಾನೆ. ಬಿಡುವುದಿಲ್ಲ. ಆ ಒದ್ದೆ ಕಣ್ಣನ್ನು ನೋಡಿಯೂ ನಾನು ಹಿಂಜರಿಯಲಿಲ್ಲ ಎಂಬುದು ಗೊತ್ತಿರಲಿ.

ಬೆಳಗಿನ ಹೊತ್ತು ಕೊಂಡಜ್ಜಿಗೆ ಹೋದೆವು. ಸಾಹುಕಾರ ಕೋಟು, ರುಮಾಲು, ಕುತ್ತಿಗೆಗೆ ಮಫ್ಲರ್, ಕಿವಿಗೆ ಹತ್ತಿ. ನಾನು ಬಿದ್ದದ್ದನ್ನು ನೋಡಿದ್ದ ಜನವೆಲ್ಲ ಆಣೆಯನ್ನೂ ನೋಡಲು ಬಂದಿದ್ದರು. ಗೌಡಜ್ಜ ಕಂಬಳಿ ಹೊದ್ದು ಬದುವಿನ ಮೇಲೆ ಕೂತಿದ್ದ. ನಾನು ಮುಂಚೆಯೇ ಬಂದು ಮೂರು ಕೆಲಸ ಮುಗಿಸಿದ್ದೆ. ವಿಮಾನದ ಬಾಲವನ್ನು ಗಾಳಿ ಬರುವ ಕಡೆಗೆ ತಿರುಗಿಸಿ ನಿಲ್ಲಿಸಿದ್ದೆ. ಹಾಗೆ ನಿಂತರೆ ಹೊಗೆ ಹಿಂದಕ್ಕೆ ಹೋಗದೆ ವಿಮಾನದ ಮೂತಿಯ ಸುತ್ತಲೇ ಸುಳಿಯುತ್ತದೆ. ಚಕ್ರಗಳಿಗೆ ಕಲ್ಲು ಕೊಟ್ಟಿದ್ದೆ. ನನ್ನ ಕಡೆಯ ಕಿಟಕಿಯ ಕೆಳಸಂದಿಯಲ್ಲಿ, ನನ್ನ ಮೂಗಿನ ನೇರಕ್ಕೆ, ಹತ್ತಿಯನ್ನು ಇನ್ನೂ ಒಂದು ಗೇಣಿನಷ್ಟು ಕಿತ್ತಿದ್ದೆ. ಅವನ ಕಡೆಯದನ್ನು ಮುಟ್ಟಲಿಲ್ಲ.

“ದೀಪ ಹಚ್ಚು,” ಎಂದ, ಕೂತವನೇ.

“ಎಂಜಿನ್ ತಿರುಗಿದ್ರೆ ಮಾತ್ರ ಹತ್ತೋದ್ರಿ. ನಿಮ್ಮ ಮಿಸ್ತ್ರಿ ಹಂಗೇ ಮಾಡ್ಯಾನೆ.”

“ತಿರುಗ್ಸು ಮತ್ತೆ. ದೀಪ ಇಲ್ದೆ ಎಂಥ ಆಣೆ?”

ತಿರುಗಿಸಿದೆ. ದೂಳು ಎದ್ದಿತು, ಅವನೇ ಬಾಗಿಲು ಎಳೆದುಕೊಂಡ. ವೀರಭದ್ರನ ಮುಂದೆ ಕೆಂಪು ಬಲ್ಬು ಹತ್ತಿತು. ಅವನು ಕೈ ಮುಗಿದು, “ಹೂಂ, ಹೇಳು,” ಎಂದ.

“ಅದಕ್ಕೂ ಮುಂಚೆ ನೀವು ಎರಡು ಬುದ್ಧಿಮಾತು ಹೇಳ್ಬೇಕ್ರಿ. ಕೇಳಿ ಆಣೆ ಮಾಡಿದ್ರೆ ನಿಲ್ತೈತೆ.”

ಬುದ್ಧಿಮಾತು ಹೇಳು ಎಂದರೆ ಅವನು ಬೇಡವೆಂದದ್ದೇ ಇಲ್ಲ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಬೇಕಾದರೆ ಕೂಗಬೇಕು. ಕೂಗುವವನು ಹೆಚ್ಚು ಉಸಿರೆಳೆಯುತ್ತಾನೆ. ಇದನ್ನೂ ಎಣಿಸಿದ್ದೆ. ಅವನು ಕೂಗಿ ಕೂಗಿ ಕುಡಿತದಿಂದ ಮುಳುಗಿದ ಮನೆತನಗಳ ಕಥೆ ಹೇಳಿದ. ನಾನು ವಿಧೇಯನಾಗಿ ಕಿಟಕಿಯ ಕಡೆ ಬಾಗಿ, ಸಂದಿಯ ತಣ್ಣನೆಯ ಗಾಳಿಗೆ ಮೂಗು ಕೊಟ್ಟು, ಹೂಂಗುಟ್ಟುತ್ತಿದ್ದೆ. ಮೊದಲು ಅವನ ಕೆನ್ನೆ ಕೆಂಪಾಯಿತು. ಆಮೇಲೆ ರುಮಾಲನ್ನು ಹಿಂದಕ್ಕೆ ತಳ್ಳಿ ಹಣೆ ಒತ್ತಿಕೊಂಡ.

“ಕುಡಿತ ಅನ್ನೋದು ತಮ್ಮಾ... ಕುಡಿತ ಅನ್ನೋದು... ಏನ್ ಹೇಳ್ತಿದ್ದೆ?”

“ಕುಡಿತ ಅನ್ನೋದು, ಅಂದ್ರಿ.”

“ಹಾಂ. ಕುಡಿತ ಅನ್ನೋದು.” ಯಾಕೋ ನಕ್ಕ. “ಒಳಗೆ ಸೆಕೆ ಐತಲ್ಲಾ?”

ಆಗಲೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವನು ಪಟಕ್ಕೆ ಮತ್ತೆ ಕೈ ಮುಗಿಯಲು ಹೋದ. ಎರಡು ಅಂಗೈಗಳು ಒಂದನ್ನೊಂದು ಸಂಧಿಸದೆ ದಾಟಿ ಹೋದವು. ಅದನ್ನು ಕಣ್ಣು ತುಂಬ ನೋಡಿ, ಆಮೇಲೆ ಎಂಜಿನ್ ನಿಲ್ಲಿಸಿದೆ. ಮೂತಿಯ ಪಂಖ ಪೂರ್ತಿ ನಿಂತ ಮೇಲೆ, ನನ್ನ ತೋಳನ್ನು ಅವನ ಮುಂದಿನಿಂದ ಚಾಚಿ, ಬಹಳ ಗೌರವದಿಂದ ಬಾಗಿಲು ತೆಗೆದೆ.

“ಇಳೀರಿ ಸಾವ್ಕಾರ್ರೆ.”

ಇಳಿದ. ಒಂದು ಕಾಲು ನೆಲ ಮುಟ್ಟಿತು, ಇನ್ನೊಂದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ಜೋಳದ ಕೂಳೆಯ ಮೇಲೆ ಮೊಣಕಾಲೂರಿ ಬಿದ್ದ. ರುಮಾಲು ಉರುಳಿತು. ಬೆಳಿಗ್ಗೆ ತಿಂದದ್ದೆಲ್ಲ ಹೊರಗೆ ಬಂತು. ಆಮೇಲೆ ಹಿಂದಿನಿಂದ ಒಬ್ಬ ಹೆಂಗಸಿನ ದನಿ:

“ಅಯ್ಯ ಶಿವನೇ, ಸಾವ್ಕಾರ್ರೂ ಹಾಕ್ಯಾರೆ!”

“ಹೊತ್ತೇರಾಕೆ ಮುಂಚೇನೇ!”

“ಆಣೆ ಮಾಡ್ಸಾಕ ಹೋದೋರು ಪಾಲುದಾರ್ರಾಗಿ ಬಂದ್ರು ನೋಡ್ರಲಾ.”

ಗೌಡಜ್ಜ ಬದುವಿನಿಂದ ಎದ್ದು ಬಂದು ವಿಮಾನದ ಒಳಗೆ ಇಣುಕಿದ. “ಪೀಪಾಯಿ ಎಲ್ಲಿಟ್ಟೀರಪ್ಪಾ?” ಎಂದು ನನ್ನನ್ನೇ ಕೇಳಿದ. ಗೇಲಿ ಮಾಡಿದನೋ, ನಿಜವಾಗಿ ಹುಡುಕಿದನೋ, ಈಗಲೂ ಹೇಳಲಾರೆ.

ಕೆರೆಯ ಏರಿಯ ಕೆಳಗೆ ಮರದ ನೆರಳಲ್ಲಿ ಅವನನ್ನು ಮಲಗಿಸಿದೆವು. ತಾಜಾ ಗಾಳಿಗೆ ನಿಧಾನವಾಗಿ ಚೇತರಿಸಿಕೊಂಡ. ಕಣ್ಣು ತೆರೆದು ಮೊದಲು ಕೇಳಿದ್ದು:

“ನನಗೇನ್ ಹಾಕ್ದೆ ನೀನು?”

“ನಾನೇನೂ ಹಾಕಿಲ್ರಿ. ತೂತು ಕೊರ್ಸಿದ್ದು ನೀವು. ಹತ್ತಿ ತುರುಕ್ಸಿದ್ದೂ ನೀವು.”

ಅವನು ದಡ್ಡನಲ್ಲ. ಅರ್ಥವಾಯಿತು. ಜನ ನಗುತ್ತ ಊರ ಕಡೆ ಹೋಗುತ್ತಿರುವುದೂ ಕಾಣಿಸಿತು. ನನಗೂ ಸಂಜೆವರೆಗೆ ತಲೆ ಸಿಡಿಯಿತು. ಆ ನೋವು ಹಿತವಾಗಿತ್ತು.

ಮುಂದಿನದನ್ನು ನಾನು ಯೋಜಿಸಿರಲಿಲ್ಲ. ಅಷ್ಟು ಜಾಣತನ ನನಗಿಲ್ಲ. ತನ್ನ ಹೆಸರು ಉಳಿಯಬೇಕಾದರೆ ಸಾಹುಕಾರ ನನ್ನ ಹೆಸರನ್ನೂ ಉಳಿಸಬೇಕಾಯಿತು. ಪರವಾನಗಿ ಕೊಟ್ಟವರಿಗೆ ನನ್ನ ಮೇಲೆ ದೂರು ಹೇಳುತ್ತೇನೆಂದವನು, ಅವರನ್ನೇ ಕರೆಸಿ ವಿಮಾನ ತೋರಿಸಿದ. ಬಂದ ಅಧಿಕಾರಿ ಬಿರುಕು ನೋಡಿದ, ತೂತು ನೋಡಿದ, ಕಿತ್ತು ಗುಡ್ಡೆ ಹಾಕಿದ್ದ ಹತ್ತಿ ನೋಡಿ, “ಇದು ವಿಮಾನವೋ ರಜಾಯಿಯೋ?” ಎಂದ. ನಾನು ಬದುಕಿದ್ದೇ ಹೆಚ್ಚು ಎಂದ. ಪರವಾನಗಿಗೆ ಏನೂ ಆಗಲಿಲ್ಲ. ಸಾಹುಕಾರನ ಎದುರಿಗೇ ಕೆಲಸ ಮಾಡಿದೆ. ಹೊಗೆ ಕೊಳವೆ ಹೊಸದು ಬಂತು. ದೀಪದ ವೈರು ಕಿತ್ತು, ತೂತಿನ ಮೇಲೆ ಬೆಂಕಿ ತಡೆಯುವ ಕಲ್ನಾರಿನ ಬಟ್ಟೆ, ಅದರ ಮೇಲೆ ತಗಡಿನ ತುಂಡು ಇಟ್ಟು ಮೊಳೆ ಬಿಗಿದೆ. ಉಳಿದ ವೈರುಗಳಿಗೆಲ್ಲ ರಬ್ಬರ್ ಉಂಗುರ ಹಾಕಿದೆ. ಗಾಳಿಯ ಕಿಂಡಿಗಳನ್ನು ತೆರೆದೆ. ಮತ್ತೆ ತಿದಿ, ಮತ್ತೆ ನೊರೆ, ಮತ್ತೆ ಊದುಬತ್ತಿ. ಈ ಸಲ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಹಾರುವ ಮುಂಚೆ ಪ್ರತಿ ಸಲ ಕೊಳವೆಯ ಸುತ್ತ ಬೂದಿ ಬಣ್ಣದ ಕಲೆ ಇದೆಯೇ ಎಂದು ನೋಡುವುದು, ತಲೆ ಸ್ವಲ್ಪ ಹಿಡಿದರೂ ಕಿಟಕಿ ತೆರೆದು ಇಳಿಯುವುದು, ಇವು ಆಮೇಲೆ ಜೀವನವಿಡೀ ನನಗೆ ಅಭ್ಯಾಸವಾದವು.

ಆದರೆ ಪರವಾನಗಿ ಬೇರೆ, ಊರ ಬಾಯಿ ಬೇರೆ. ಕೊಂಡಜ್ಜಿಯ ಕಥೆ ಎತ್ತಿನ ಗಾಡಿಗಿಂತ ಮುಂಚೆ ದಾವಣಗೆರೆ ತಲುಪಿತ್ತು. ಸಾಹುಕಾರ ಮಠದಲ್ಲಿ, ಹತ್ತಿ ಪೇಟೆಯಲ್ಲಿ, ಮದುವೆ ಪಂಕ್ತಿಯಲ್ಲಿ ಸಿಕ್ಕಸಿಕ್ಕವರಿಗೆ ಕಾರ್ಬನ್ ಮಾನಾಕ್ಸೈಡ್ ಪಾಠ ಹೇಳತೊಡಗಿದ. ಅಂಗಡಿಯಲ್ಲಿ ನನ್ನನ್ನು ಗೇಲಿ ಮಾಡಿದ ಅದೇ ಬಾಯಿ.

ಒಂದು ಸಂಜೆ ಪೇಟೆಯ ಮಂಡಕ್ಕಿ ಅಂಗಡಿಯ ಮುಂದೆ ಅವನನ್ನು ನಾಲ್ಕಾರು ವ್ಯಾಪಾರಿಗಳು ಸುತ್ತುವರಿದಿದ್ದರು. ನಾನು ಮಿರ್ಚಿ ಕಟ್ಟಿಸಿಕೊಳ್ಳುತ್ತಿದ್ದೆ.

“ಬಣ್ಣ ಇಲ್ಲ, ವಾಸ್ನೆ ಇಲ್ಲ,” ಎನ್ನುತ್ತಿದ್ದ ಸಾಹುಕಾರ. “ಒಳಗೆ ಹೋಗಿದ್ದೇ ಗೊತ್ತಾಗಲ್ಲ. ಸುಮ್ನೆ ಕಾಲು ಬಿದ್ದು ಹೋಗ್ತಾವೆ.”

“ವಾಸ್ನೆ ಇಲ್ದಿರೋದು ಯಾವ ಅಂಗಡ್ಯಾಗೆ ಸಿಗ್ತೈತ್ರಿ ಸಾವ್ಕಾರ್ರೆ?” ಎಂದ ಒಬ್ಬ. “ನಮ್ಮನ್ಯಾಗೂ ಹೆಂಡ್ತಿ ಮೂಸ್ತಾಳೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾಹುಕಾರನ ಮುಖ ಕೆಂಪಾಯಿತು, ಅದಕ್ಕೂ ನಕ್ಕರು. ಆಗ ಅವನ ಕಣ್ಣಿಗೆ ನಾನು ಬಿದ್ದೆ. ಮುಳುಗುವವನಿಗೆ ದಡ ಕಂಡ ಹಾಗಾಯಿತು.

“ಬಾ ತಮ್ಮಾ, ಬಾ. ನೀನೇ ಹೇಳು ಇವರಿಗೆ. ನೀನು ಹಾರೋನು, ಕಲಿತೋನು. ಅವತ್ತು ಮ್ಯಾಲೆ ನಿನಗೆ ಏನಾತು? ಬಿಡಿಸಿ ಹೇಳು.”

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಬಹುದಿತ್ತು. ಹಣೆಯ ಬಿಗಿತ, ಕೆಂಪು ಬಲ್ಬು, ಸೇತುವೆಗಳು, ನೊರೆಯ ಗುಳ್ಳೆ, ಎಲ್ಲವನ್ನೂ ಒಂದು ದಾರಕ್ಕೆ ಪೋಣಿಸಿ, ಸಂದಿಯಿಲ್ಲದ ಒಂದು ಕಥೆ ಮಾಡಿ ಹೇಳಿದ್ದರೆ ನಂಬುತ್ತಿದ್ದರು. ಅವನ ಕಥೆಯನ್ನು ನಂಬಿದ್ದರಲ್ಲ. ನಾನು ಮಿರ್ಚಿಯ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡೆ.

“ನನಗೇನೂ ನೆನಪಿಲ್ರಿ ಸಾವ್ಕಾರ್ರೆ,” ಎಂದೆ.

ಅದು ನಿಜವೂ ಆಗಿತ್ತು. ಹಾಗಾಗಿಯೇ ಅಷ್ಟು ರುಚಿಯಾಗಿತ್ತು.

ನಗು ಅಂಗಡಿಯ ತಗಡಿನ ಸೂರನ್ನು ಮುಟ್ಟಿತು. “ಇಬ್ಬರಿಗೂ ನೆನಪಿಲ್ವಂತೆ!” ಎಂದು ಯಾರೋ ಕೂಗಿದರು. ಸಾಹುಕಾರ ನನ್ನನ್ನೇ ನೋಡುತ್ತ ನಿಂತಿದ್ದ. ಅವನ ನೋಟದಲ್ಲಿ ಬೇಡಿಕೆ ಇತ್ತು. ನಾನು ಕೈ ಮುಗಿದು, ಬಹುವಚನದಲ್ಲೇ ಬೀಳ್ಕೊಂಡು, ಮನೆಯ ಕಡೆ ನಡೆದೆ. ಸ್ವಲ್ಪ ಕಾಲದ ಮೇಲೆ ಅವನು ವಿಮಾನ ಮಾರಿದ. ನಾನು ಬೇರೆ ಊರಿಗೆ, ಬೇರೆ ವಿಮಾನಕ್ಕೆ ಹೋದೆ. ದಾವಣಗೆರೆಯಲ್ಲಿ ಇಂದಿಗೂ ನನ್ನನ್ನು ನೆನೆಯುವವರು ಯಾರಾದರೂ ಇದ್ದರೆ ಕುಡುಕನೆಂದೇ ನೆನೆಯುತ್ತಾರೆ, ಅವನ ಜೊತೆ ಸೇರಿಸಿ.

ಆ ಸಂಜೆ ನಾನು ಮನೆ ಸೇರುವ ಮುಂಚೆಯೇ ಸುದ್ದಿ ಸೇರಿತ್ತು. ಅವ್ವ ಒಲೆಯ ಮುಂದೆ ಕೂತಿದ್ದಳು. ಮಿರ್ಚಿಯನ್ನು ಮುಟ್ಟಲಿಲ್ಲ.

“ಒಂದು ಮಾತು ಹೇಳಿದ್ರೆ ನಿನ್ನ ಮ್ಯಾಲಿನ ಕಲೆ ತೊಳೆದು ಹೋಗ್ತಿತ್ತಲ್ಲೋ. ಯಾಕ ಹೇಳಲಿಲ್ಲ?”

“ಅವನದೂ ಹೋಗ್ತಿತ್ತಲ್ಲವ್ವಾ.”

ಅವಳು ಬೈಯಲಿಲ್ಲ, ಮೆಚ್ಚಲೂ ಇಲ್ಲ. ತಿರುಗಿ ಕೂತು ರೊಟ್ಟಿ ತಟ್ಟತೊಡಗಿದಳು, ಬೀದಿಯ ಆ ತುದಿಗೂ ಕೇಳಿಸುವಷ್ಟು ಜೋರಾಗಿ.